ಸಬ್‌ಮರೀನ್ ಆಸ್ತಾಳ ಕೊಡಲಿ

ನಮ್ಮ ಎಕ್‌ಹೋಲ್ಮ ದ್ವೀಪದಲ್ಲಿ ಆಸ್ತಾ ಸುನೆಸನ್ ಎಂದರೆ ಅಂಚೆಯವನೂ ಒಂದು ಗಳಿಗೆ ಯೋಚಿಸಬೇಕಿತ್ತು. ‘ಸಬ್‌ಮರೀನ್ ಆಸ್ತಾ’ ಎಂದರೆ ಸಾಕು, ದೋಣಿಕಟ್ಟೆಯಲ್ಲಿ ಆಡುವ ಮಕ್ಕಳೂ ಹಳದಿ ಮನೆಯತ್ತ ಕೈ ತೋರಿಸುತ್ತಿದ್ದರು. ಆ ಹೆಸರು ಇಟ್ಟವರು ಯಾರು ಎಂದು ಕೇಳಬೇಡಿ. ಅಂಥ ಹೆಸರನ್ನು ಊರೆಲ್ಲ ಸೇರಿ ಇಡುತ್ತದೆ, ಆಮೇಲೆ ನಾವಲ್ಲಪ್ಪ ಎಂದು ಕೈ ತೊಳೆದುಕೊಳ್ಳುತ್ತದೆ.

ಬೇರೆಯವರ ಅಡುಗೆಮನೆಯಲ್ಲಿ ರಾಜ ರಾಣಿಯರ ಪಟ ಇರುವ ಜಾಗದಲ್ಲಿ ಅವಳ ಮನೆಯಲ್ಲಿ ಸಮುದ್ರದ ನಕ್ಷೆ ಇತ್ತು, ಅದರ ತುಂಬ ಕೆಂಪು ತಲೆಯ ಗುಂಡುಸೂಜಿಗಳು. ಕಿಟಕಿಯಲ್ಲಿ ಬೈನಾಕ್ಯುಲರ್, ಪಕ್ಕದಲ್ಲೊಂದು ಗೆರೆಪುಸ್ತಕ. ಗಾಳಿಯಿಲ್ಲದ ದಿನ ನೀರಿನಲ್ಲಿ ಸುಳಿ ಎದ್ದರೆ ಬರೆದಿಡುತ್ತಿದ್ದಳು, ಬಾತುಕೋಳಿಗಳು ಕಾರಣವಿಲ್ಲದೆ ಒಮ್ಮೆಲೇ ಹಾರಿದರೂ ಬರೆದಿಡುತ್ತಿದ್ದಳು. ಸಮುದ್ರದಡಿಯಲ್ಲಿ ಇನ್ನೂ ಜಗತ್ತಿಗೇ ಗೊತ್ತಿರದ ಒಂದು ಯಂತ್ರ ಓಡಾಡುತ್ತಿದೆ, ಅದಕ್ಕೆ ಸದ್ದಿಲ್ಲ, ಅದರ ವೇಗಕ್ಕೆ ಲೆಕ್ಕವಿಲ್ಲ, ತನ್ನ ಗಂಡನನ್ನು ಬೋಟಿನ ಸಮೇತ ಎಳೆದುಕೊಂಡು ಹೋದದ್ದು ಅದೇ ಎಂಬುದು ಅವಳ ವಾದ.

ನಾವೆಲ್ಲ ನಕ್ಕೆವು. ಆದರೆ ಆ ಯಂತ್ರ ಅಷ್ಟು ವೇಗದ್ದೇ ಆಗಿರಬೇಕು ಎಂದು ಅವಳು ಯಾಕೆ ಹಟ ಹಿಡಿದಿದ್ದಾಳೆಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ. ಅದಕ್ಕೆ ಕಾರಣ ಒಂದು ಕೊಡಲಿ.

ನಮ್ಮ ಕರಾವಳಿಯ ಪ್ರತಿ ಮೀನುಬೋಟಿನಲ್ಲೂ ಬಲೆ ಎಳೆಯುವ ವಿಂಚ್‌ನ ಪಕ್ಕದಲ್ಲಿ ಒಂದು ಕೊಡಲಿ ತೂಗುಹಾಕಿರುತ್ತದೆ. ಅದರ ಹಿಡಿಗೆ ಕೆಂಪು ಬಣ್ಣ. ತಳದಲ್ಲಿ ಏನಾದರೂ ಬಲೆಯನ್ನು ಹಿಡಿದುಕೊಂಡು, ವಿಂಚ್ ಕಚ್ಚಿಕೊಂಡು ಬಿಡದೆ, ಬೋಟಿನ ಹಿಂಭಾಗ ಮುಳುಗತೊಡಗಿದರೆ, ಅಂಚಿನ ಮರದ ದಿಮ್ಮಿಯ ಮೇಲೆ ಬಿಗಿದು ನಿಂತ ಬಲೆಹಗ್ಗಕ್ಕೆ ಎರಡು ಏಟು. ಆ ಕಡೆಯ ಹಗ್ಗಕ್ಕೆ ಇನ್ನೆರಡು. ಬಲೆ ಹೋಗುತ್ತದೆ, ಮನುಷ್ಯ ಉಳಿಯುತ್ತಾನೆ. ಆ ಕೊಡಲಿಯಿಂದ ಬೇರೇನನ್ನೂ ಕಡಿಯುವಂತಿಲ್ಲ, ಅದನ್ನು ದಡಕ್ಕೆ ಇಳಿಸುವಂತೆಯೂ ಇಲ್ಲ. ಮದುವೆಯಲ್ಲಿ ಅದನ್ನು ಕೊಡುವವನು ಹೆಣ್ಣಿನ ತಂದೆ. ಮಗಳು ವಿಧವೆಯಾಗದಿರಲಿ ಎಂದು ಕೊಡುವ ಉಡುಗೊರೆ ಅದು, ಹಾಗೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆಸ್ತಾಳ ಅಪ್ಪ ಕಮ್ಮಾರ. ತಾನೇ ಬಡಿದು ಹದ ಮಾಡಿ, ಅಲಗಿನ ಮೇಲೆ ಅಳಿಯ ಎವಾಲ್ಡ್ ಮತ್ತು ಮಗಳ ಹೆಸರಿನ ಮೊದಲಕ್ಷರ ಕೆತ್ತಿ ಕೊಟ್ಟಿದ್ದ.

ಎವಾಲ್ಡ್ ಮಾತು ಕಡಿಮೆಯ ಮನುಷ್ಯ. ಮಕ್ಕಳಿರಲಿಲ್ಲ. ಬೋಟಿಗೆ ಸ್ವಾಲನ್ ಎಂದು ಹೆಸರು. ಒಬ್ಬನೇ ಹೋಗುತ್ತಿದ್ದ, ಒಬ್ಬನೇ ಬರುತ್ತಿದ್ದ. ಕಾಡ್ ಮೀನು ಸಿಕ್ಕ ದಿನ ಸಿಳ್ಳೆ ಹಾಕುತ್ತ ಬರುವನು. ಮನೆಯ ಸಣ್ಣಪುಟ್ಟ ಕೆಲಸ ಹೇಳಿದರೆ ಮಾತ್ರ ‘ನಾಳೆ’ ಎನ್ನುವನು. ಅವನ ನಾಳೆಗಳನ್ನೆಲ್ಲ ಕೂಡಿಸಿದರೆ ಇನ್ನೊಂದು ಜನ್ಮವಾದೀತು ಎಂದು ಆಸ್ತಾ ರೇಗುತ್ತಿದ್ದಳು.

ಎಂಬತ್ತೊಂದರಲ್ಲಿ ನಮ್ಮ ಪಕ್ಕದ ಕಾಲುವೆಯಲ್ಲಿ ಹೊರದೇಶದ ಜಲಾಂತರ್ಗಾಮಿಯೊಂದು ಬಂಡೆ ಹತ್ತಿ ಕುಳಿತದ್ದು ಎಲ್ಲರಿಗೂ ಗೊತ್ತು. ಹತ್ತು ದಿನ ಪ್ರಪಂಚವೆಲ್ಲ ಬಂದು ನಮ್ಮ ಬ್ಲೇಕಿಂಗೆಯ ಕರಾವಳಿಯಲ್ಲಿ ಸಾಸೇಜ್ ತಿಂದು ಹೋಯಿತು. ಆಮೇಲೆ ನಮ್ಮವರ ಕಣ್ಣಿಗೆ ತೇಲುವ ಮರದ ತುಂಡೆಲ್ಲ ಪೆರಿಸ್ಕೋಪ್ ಆಯಿತು. ನಿವೃತ್ತ ಮೇಷ್ಟ್ರೊಬ್ಬರು ಅವು ಸಮುದ್ರದ ತಳದಲ್ಲಿ ಬುಲ್ಡೋಜರಿನ ಹಾಗೆ ಪಟ್ಟಿಗಳ ಮೇಲೆ ತೆವಳುತ್ತವೆ ಎಂದರು. ಅಂಗಡಿಯವನು ಅವುಗಳ ಮೈಗೆ ಸದ್ದು ನುಂಗುವ ರಬ್ಬರಿನ ಹೊದಿಕೆ ಇದೆ ಎಂದ. ಎವಾಲ್ಡ್ ಎಲ್ಲವನ್ನೂ ಕೇಳಿ, ಮೀನು ಎಲ್ಲಿದೆ ಎಂದು ಹೇಳುವ ಯಂತ್ರ ಬಂದಾಗ ಕರೆಯಿರಿ ಎಂದು ಎದ್ದು ಹೋಗಿದ್ದ.

ಎಂಬತ್ಮೂರರ ಮೇ ತಿಂಗಳು. ಪೆಂತಕೋಸ್ತ್ ಹಬ್ಬಕ್ಕೆ ಆಸ್ತಾಳ ಅಕ್ಕನ ಮನೆಯವರು ಬರುವವರಿದ್ದರು. ಗುರುವಾರ ದೊಡ್ಡ ಒಲೆ ಹಚ್ಚಿ ಏಲಕ್ಕಿ ಬನ್ನು, ಬ್ರೆಡ್ಡು ಎಲ್ಲ ಬೇಯಿಸಬೇಕು. ಸೌದೆ ಸೀಳೋಣವೆಂದರೆ ಮನೆಯ ಕೊಡಲಿಯ ಹಿಡಿ ಮುರಿದು ಮೂರು ವಾರವಾಗಿತ್ತು. ಎವಾಲ್ಡ್‌ನ ನಾಳೆ ಇನ್ನೂ ಬಂದಿರಲಿಲ್ಲ. ಅವನು ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಆಸ್ತಾ ಸಿಟ್ಟಿನಿಂದಲೇ ದೋಣಿಕಟ್ಟೆಗೆ ಇಳಿದು ಸ್ವಾಲನ್ ಹತ್ತಿದಳು, ಕೆಂಪು ಹಿಡಿಯ ಕೊಡಲಿಯನ್ನು ಏಪ್ರನ್ನಿನಲ್ಲಿ ಸುತ್ತಿ ತಂದಳು. ಒಂದು ಗಂಟೆಯ ಮಾತು, ಅಪ್ಪ ಕೊಟ್ಟದ್ದು, ಕೇಳುವವರು ಯಾರು ಎಂದುಕೊಂಡಳು. ಸೌದೆ ಸೀಳಿದಳು. ಅಷ್ಟರಲ್ಲಿ ಹಿಟ್ಟು ಉಬ್ಬಿ ಬೋಗುಣಿಯಿಂದ ಹೊರಗೆ ಬರುತ್ತಿತ್ತು. ಕೊಡಲಿಯನ್ನು ಸೌದೆ ಕಡಿಯುವ ಕೊರಡಿಗೆ ಹೊಡೆದು ಸಿಕ್ಕಿಸಿ ಒಳಗೆ ಓಡಿದಳು. ಅಲ್ಲಿಗೆ ಅದನ್ನು ಮರೆತಳು.

ಶುಕ್ರವಾರ ಎವಾಲ್ಡ್ ಅವಳು ಏಳುವ ಮೊದಲೇ ಹೋಗಿದ್ದ. ಸಮುದ್ರ ಬಟ್ಟಲಲ್ಲಿಟ್ಟ ಹಾಲಿನಂತಿತ್ತು. ನಡುಹಗಲ ಹೊತ್ತಿಗೆ ಆಚೆ ಮನೆಯ ರೂನೆ ಗುಡ್ಡ ಹತ್ತಿ ಬರುವುದು ಕಿಟಕಿಯಿಂದ ಕಾಣಿಸಿತು. ಎವಾಲ್ಡ್‌ನಿಂದ ಒಂದು ಮೈಲಿ ದೂರದಲ್ಲಿ ಬಲೆ ಹಾಕುತ್ತಿದ್ದ ಗೆಳೆಯ ಅವನು. ಟೋಪಿ ತಲೆಯ ಮೇಲಿರಲಿಲ್ಲ, ಕೈಯಲ್ಲಿತ್ತು. ಅವನು ಬಾಯಿ ತೆರೆಯುವ ಮೊದಲೇ ಆಸ್ತಾಳಿಗೆ ನೆನಪಾದದ್ದು ಗಂಡನ ಮುಖವಲ್ಲ, ಹಿತ್ತಿಲ ಕೊರಡಿನಲ್ಲಿ ನಿಂತಿದ್ದ ಆ ಕೆಂಪು ಹಿಡಿ.

ಮೂರು ದಿನದ ಮೇಲೆ, ಹಬ್ಬ ಮುಗಿದ ಮಾರನೆಯ ದಿನ, ದೇಹ ಸಿಕ್ಕಿತು. ಮೀನು ಕೊಯ್ಯುವ ಚೂರಿ ದಾರದಲ್ಲಿ ಮಣಿಕಟ್ಟಿಗೆ ಕಟ್ಟಿದ್ದು ಹಾಗೇ ಇತ್ತು. ಅದರ ಅಲಗು ನಡುವೆ ಮುರಿದಿತ್ತು, ಅಂಗೈಗಳು ಹರಿದಿದ್ದವು. ಉಕ್ಕಿನ ಎಳೆ ಸೇರಿಸಿ ಹೊಸೆದ ಹಗ್ಗವನ್ನು ಮೀನಿನ ಚೂರಿಯಲ್ಲಿ ಕೊಯ್ಯಲು ಹೋದವನ ಕೈ ಅದು. ನೋಡಿದವರಿಗೆಲ್ಲ ಒಂದೇ ಪ್ರಶ್ನೆ. ಕೊಡಲಿ ಇರುವಾಗ ಚೂರಿ ಯಾಕೆ?

ಉತ್ತರ ಕೊಟ್ಟವನು ರೂನೆ. ಮಣ್ಣು ಮಾಡಿ ಬಂದು, ಆಸ್ತಾಳ ಅಡುಗೆಮನೆಯಲ್ಲಿ ಎಲ್ಲರ ಮುಂದೆ ಕಾಫಿಯ ಬಟ್ಟಲು ಹಿಡಿದು ಹೇಳಿದ.

“ಪೈಪಿಗೆ ಬೆಂಕಿ ಹಚ್ಚಿ ತಲೆ ಎತ್ತೋ ಅಷ್ಟರಲ್ಲಿ ಬೋಟೇ ಇಲ್ಲ, ಆಸ್ತಾ. ಹಿಂದೆ ಹಿಂದೆ ಎಳ್ಕೊಂಡು ಹೋಯ್ತು. ಕೊಡಲಿಗೆ ಕೈ ಹಾಕೋಕೂ ಪುರುಸೊತ್ತು ಕೊಡ್ಲಿಲ್ಲ ಅದು. ಅಂಥದ್ದೊಂದನ್ನ ನಾನು ಕಂಡಿಲ್ಲ, ಕೇಳಿಲ್ಲ.”

ಮುಳುಗುತ್ತಿದ್ದವಳಿಗೆ ಸಿಕ್ಕ ಹಲಗೆ ಅದು. ಕೊಡಲಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ ಎಂದಾಯಿತಲ್ಲ. ಚೂರಿ ಮುರಿಯುವ ತನಕ ಕೊಯ್ಯಲು ಹೊತ್ತಿದ್ದವನಿಗೆ ಕೊಡಲಿ ಎತ್ತಲು ಹೊತ್ತಿರಲಿಲ್ಲವೇ ಎಂಬ ಮಾತು ಅವಳ ಎದೆಯಲ್ಲಿ ಎದ್ದಿತು, ಅದನ್ನು ಅಲ್ಲೇ ಅದುಮಿದಳು. ಅಲ್ಲಿಯತನಕ ಸೌದೆರಾಶಿಯ ಹಿಂದೆ ಅಡಗಿಸಿಟ್ಟಿದ್ದ ಕೊಡಲಿಯನ್ನು ಅಂದೇ ಹಳೆಯ ಹಾಯಿಬಟ್ಟೆಯಲ್ಲಿ ಸುತ್ತಿ ಸೌದೆಮನೆಯ ನೆಲದ ಹಲಗೆಯಡಿ ಹೂತಳು. ಮನೆಯ ಕೊಡಲಿಗೆ ತಾನೇ ಹಿಡಿ ಹಾಕಿದಳು. ಅದಕ್ಕೆ ಹಿಡಿದದ್ದು ಕಾಲು ಗಂಟೆ.

ಆಮೇಲೆ ಶುರುವಾಯಿತು ಅವಳ ಜೀವನದ ಕೆಲಸ. ವಾರಕ್ಕೊಮ್ಮೆ ದೋಣಿ ಹತ್ತಿ ಕಾರ್ಲ್ಸ್‌ಕ್ರೋನ ಪಟ್ಟಣದ ಗ್ರಂಥಾಲಯಕ್ಕೆ ಹೋಗುವಳು. ಏಳನೇ ತರಗತಿಗೆ ಶಾಲೆ ಬಿಟ್ಟ ಹೆಂಗಸು ನಿಘಂಟು ಇಟ್ಟುಕೊಂಡು ಯಂತ್ರಗಳ ಪತ್ರಿಕೆ ಓದಿದಳು. ನೀರು ತಳ್ಳುವ ಚಕ್ರವೇ ಇಲ್ಲದೆ ಅಯಸ್ಕಾಂತದ ಬಲದಲ್ಲಿ ನೀರನ್ನು ಹೀರಿ ಹಿಂದಕ್ಕೆ ಎಸೆಯುವ ಎಂಜಿನ್ನು, ತನ್ನ ಸುತ್ತ ಗಾಳಿಯ ಗುಳ್ಳೆ ಕಟ್ಟಿಕೊಂಡು ಅದರೊಳಗೆ ಬಾಣದಂತೆ ಓಡುವ ನೌಕೆ, ಮನುಷ್ಯರೇ ಇಲ್ಲದೆ ತಾನೇ ಯೋಚಿಸುವ ನೌಕೆ, ಎಲ್ಲವನ್ನೂ ಬರೆದುಕೊಂಡು ಬಂದು ಶನಿವಾರದ ಕಾಫಿಗೆ ರೂನೆಯ ಮುಂದಿಡುವಳು. ಅವನು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಎರಡನೇ ಬಟ್ಟಲು ಕುಡಿಯದೆ ಏಳುತ್ತಿರಲಿಲ್ಲ. ಗಂಟೆಗೆ ನಲವತ್ತು ಮೈಲಿ ಓಡಿರಬಹುದೇ ಎಂದು ಅವಳು ಕೇಳಿದರೆ, ಅರವತ್ತು ಅಂತ ಬರ್ಕೋ ಎನ್ನುತ್ತಿದ್ದ. ಹಾಗೆ ಇಬ್ಬರೂ ಸೇರಿ ಆ ಅಡುಗೆಮನೆಯಲ್ಲಿ ಯಾವ ದೇಶವೂ ಕಟ್ಟದ ಜಲಾಂತರ್ಗಾಮಿಯನ್ನು ಕಟ್ಟಿದರು. ವರ್ಷ ಕಳೆದಂತೆ ಅದರ ವೇಗ ಏರುತ್ತ ಹೋಯಿತು.

ಮೊದಮೊದಲು ಅವಳ ಪತ್ರ ನೋಡಿ ನೌಕಾಪಡೆಯ ಅಧಿಕಾರಿಗಳು ಬಂದರು. ಸಮವಸ್ತ್ರದವರು ಅವಳ ಹೂವಿನ ಮೇಜುಬಟ್ಟೆಯ ಮೇಲೆ ಕಾಗದ ಹರಡಿಕೊಂಡು ಕೂರುತ್ತಿದ್ದರು. ಆಸ್ತಾ ಹಳೆಯ ಕಾಲದ ಮರ್ಯಾದೆಯಲ್ಲಿ, ಎದುರಿಗೆ ಕೂತವರನ್ನೇ “ಕಮಾಂಡರ್ ಸಾಹೇಬರು ಇನ್ನೊಂದು ಬಟ್ಟಲು ತಗೋತಾರಾ?” ಎಂದು ಕೇಳುವಳು. ಅವರು ತೆಗೆದುಕೊಳ್ಳುತ್ತಿದ್ದರು, ಏಳು ಬಗೆಯ ಬಿಸ್ಕತ್ತನ್ನೂ ತಿನ್ನುತ್ತಿದ್ದರು, ನಿಮ್ಮಂಥ ಕಣ್ಣುಳ್ಳವರು ದೇಶಕ್ಕೆ ಬೇಕು ಎಂದು ಹೊಗಳುತ್ತಿದ್ದರು. ಆ ನಾಲ್ಕೈದು ವರ್ಷ ಊರೂ ಅವಳನ್ನು ಕಂಡರೆ ತಲೆ ಬಾಗಿಸುತ್ತಿತ್ತು. ಆಮೇಲೆ ಗಾಳಿ ತಿರುಗಿತು. ಆಚೆ ದಡದ ದೊಡ್ಡ ದೇಶವೇ ಒಡೆದು ಚೂರಾಯಿತು. ಅವಳು ನೌಕಾಪಡೆಗೆ ಬರೆದ ಐವತ್ತಮೂರನೇ ಪತ್ರಕ್ಕೆ ಅಚ್ಚು ಹಾಕಿದ ಉತ್ತರ ಬಂತು: ನೀವು ಕಂಡ ಸುಳಿಗಳು ನೀರುನಾಯಿಯದ್ದೋ ಮೀನಿನ ಹಿಂಡಿನದ್ದೋ ಇರಬಹುದು, ನಿಮ್ಮ ಆಸಕ್ತಿಗೆ ವಂದನೆ. ಅದು ಹೇಗೋ ಅಂಗಡಿಯವನಿಗೆ ತಿಳಿಯಿತು. ಮರುದಿನದಿಂದ ಅವಳು ಹೆರಿಂಗ್ ಮೀನು ಕೊಳ್ಳಲು ಹೋದರೆ, ನೋಡಮ್ಮ, ಇದರೊಳಗೆ ಎಂಜಿನ್ ಇಲ್ಲ ತಾನೇ ಎಂದು ತಮಾಷೆ. ನಾವೂ ನಕ್ಕವರೇ. ನಾಚಿಕೆಯಾಗುತ್ತದೆ ಹೇಳಲು.

ಅಕ್ಕ ಬಂದು ಹೇಳಿದಳು, ಗಂಡ ಸತ್ತ ಹೆಂಗಸರು ಬೇಕಾದಷ್ಟು ಜನ ಇದ್ದಾರೆ, ಯಾರೂ ನಿನ್ನ ಹಾಗೆ ಆಡುವುದಿಲ್ಲ ಎಂದು. ಆಸ್ತಾ ಅವಳ ಜೊತೆ ಮಾತು ಬಿಟ್ಟಳು. ನಕ್ಷೆಯ ಸೂಜಿಗಳು ಹೆಚ್ಚಿದವು.

ಎರಡು ಸಾವಿರದ ಎರಡನೇ ಇಸವಿ, ಫೆಬ್ರವರಿಯ ಒಂದು ಶನಿವಾರ. ಲಿನ್ಯುಸ್ ಎಂಬ ಸಂಶೋಧಕ ಬಂದ. ಮೂವತ್ತೈದರ ಆಸುಪಾಸು, ದುಬಾರಿ ಕನ್ನಡಕ. ಆ ವರ್ಷಗಳ ಜಲಾಂತರ್ಗಾಮಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದ. ಯಾವುದೋ ದಾಖಲೆಗಳ ಕೋಣೆ ತೆರೆದಿದ್ದರು, ಅದರಲ್ಲಿ ಅವನಿಗೆ ಒಂದು ನೌಕೆಯ ದಿನಚರಿಯ ಪುಟ, ಎವಾಲ್ಡ್ ಸತ್ತ ದಿನದ್ದು, ಸಿಕ್ಕಿತ್ತು. ಕಾಫಿ ಮೇಜಿನ ಒಂದು ಕಡೆ ಆಸ್ತಾ, ಇನ್ನೊಂದು ಕಡೆ ಎಂದಿನಂತೆ ರೂನೆ. ಲಿನ್ಯುಸ್ ಪುಟವನ್ನು ನಡುವೆ ಇಟ್ಟ. ಯಾವ ದೇಶದ್ದು, ಏನು ಹೆಸರು ಎಂಬ ಜಾಗದಲ್ಲೆಲ್ಲ ದಪ್ಪ ಕಪ್ಪು ಗೆರೆ ಬಳಿದಿದ್ದರು. ಅವನ ತಲೆಯಲ್ಲಿ ಇದ್ದದ್ದು ಆ ಕಪ್ಪು ಗೆರೆಯೊಂದೇ. ಅದರಡಿ ಯಾರ ಹೆಸರಿದೆ ಎಂದು ತನ್ನ ಊಹೆಗಳನ್ನು ಅರ್ಧ ಗಂಟೆ ಹೇಳಿದ.

ಆಸ್ತಾ ಎಲ್ಲವನ್ನೂ ಕೇಳಿ, ಅದು ಎಂಥ ಯಂತ್ರ ಎಂದು ಕೇಳಿದಳು. ಹತ್ತೊಂಬತ್ತು ವರ್ಷ ಕಾದ ಪ್ರಶ್ನೆ ಅದು; ಮೆಲ್ಲಗೆ ಕೇಳಿದಳು.

“ಯಂತ್ರ ಏನೂ ವಿಶೇಷ ಇಲ್ಲ,” ಎಂದ ಲಿನ್ಯುಸ್. “ಹಳೇ ಡೀಸೆಲ್ ಸಬ್‌ಮರೀನು. ಐವತ್ತರ ದಶಕದಲ್ಲಿ ಕಟ್ಟಿದ್ದು, ಆ ಹೊತ್ತಿಗಾಗಲೇ ಗುಜರಿಗೆ ಹಾಕೋ ಮಾಲು. ಇಲ್ಲಿ ನೋಡಿ. ಹನ್ನೊಂದೂ ಇಪ್ಪತ್ತಕ್ಕೆ ಹಿಂದೆ ಏನೋ ಭಾರ ಸಿಕ್ಕಿಕೊಂಡಿದೆ ಅಂತ ಬರೆದಿದ್ದಾರೆ. ವೇಗ ಗಂಟೆಗೆ ಮೂರು ಮೈಲಿ.”

“ಮೂರು?”

“ನಡ್ಕೊಂಡು ಹೋಗೋ ವೇಗ. ಬಿಡಿಸ್ಕೊಳ್ಳೋಕೆ ಎಡಕ್ಕೆ ಬಲಕ್ಕೆ ತಿರುಗಿಸಿದ್ದಾರೆ, ಸ್ವಲ್ಪ ಕೆಳಗೆ ಇಳಿಸಿದ್ದಾರೆ. ಹನ್ನೊಂದೂ ಮೂವತ್ನಾಲ್ಕಕ್ಕೆ ಭಾರ ಬಿಟ್ಟುಹೋಯಿತು ಅಂತ ಇದೆ. ಹದಿನಾಲ್ಕು ನಿಮಿಷ.”

ಹೇಳಿ ಅವನು ಮತ್ತೆ ಕಪ್ಪು ಗೆರೆಗೆ ಹೋದ. ಅವನ ಮಾತನ್ನು ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

ಹದಿನಾಲ್ಕು ನಿಮಿಷ. ಅಷ್ಟು ಹೊತ್ತಿನಲ್ಲಿ ಬನ್ನು ಒಲೆಗೆ ಹೋಗಿ ಕೆಂಪಗೆ ಬೆಂದು ಹೊರಗೆ ಬರುತ್ತದೆ. ಆ ಶುಕ್ರವಾರ ಹನ್ನೊಂದೂವರೆಗೆ ಆಸ್ತಾ ಉಳಿದ ಬನ್ನು ಬೇಯಿಸುತ್ತಿದ್ದಳು. ನಾಲ್ಕು ಏಟಿಗೆ ಅರ್ಧ ನಿಮಿಷ ಸಾಕು. ಅವನು ಮೊದಲು ಕೊಡಲಿಯ ಕೊಕ್ಕೆಯತ್ತ ಕೈ ಚಾಚಿರಬೇಕು, ಬರಿಯ ಕೊಕ್ಕೆ ಕಂಡಿರಬೇಕು, ಡೆಕ್ಕೆಲ್ಲ ಹುಡುಕಿರಬೇಕು, ಕೊನೆಗೆ ಚೂರಿ ತೆಗೆದಿರಬೇಕು. ಹುಡುಕುವಾಗ ಅವನಿಗೆ ತನ್ನ ನೆನಪಾಗಿತ್ತೇ? ಅವಳೇ ತೆಗೆದಿದ್ದಾಳೆ ಎಂದು ಗೊತ್ತಾಗಿತ್ತೇ? ಗೊತ್ತಾಗಿಯೇ ಇರಬೇಕು. ಮನೆಯ ಕೊಡಲಿ ಮುರಿದಿದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು.

ಅವಳು ತಲೆ ಎತ್ತಿ ರೂನೆಯನ್ನು ನೋಡಿದಳು.

“ಪೈಪು ಹಚ್ಚೋ ಅಷ್ಟರಲ್ಲಿ ಅಂದಿದ್ದೆ ನೀನು,” ಎಂದಳು.

ರೂನೆಗೆ ಆಗ ಎಪ್ಪತ್ತಾರು. ಒಂದು ಮೈಲಿ ದೂರ, ಅವನ ಬೋಟಿಗೆ ಎಂಟು ನಿಮಿಷದ ದಾರಿ. ನಮ್ಮಲ್ಲಿ ಈ ಲೆಕ್ಕ ಯಾರಿಗಾದರೂ ಬರುತ್ತದೆ; ಮಾಡಬೇಕಾದವರು ಮಾಡಲಿಲ್ಲ, ಅಷ್ಟೇ.

“ರೇಡಿಯೋದಲ್ಲಿ ಕರೆದ ಅವನು,” ಎಂದ ರೂನೆ. “ಏನೋ ಹಿಡ್ಕೊಂಡಿದೆ ರೂನೆ, ಬಾ ಅಂದ. ಕಡಿದು ಹಾಕೋ ಮಾರಾಯ, ಏನು ಯೋಚನೆ ಮಾಡ್ತೀಯಾ ಅಂದೆ. ನನ್ನ ಬಲೆ ಮೇಲೆ ಬರ್ತಾ ಇತ್ತು, ಆಸ್ತಾ. ತುಂಬಿತ್ತು. ಆ ವರ್ಷ ಅಷ್ಟು ಕಾಡ್ ಒಂದು ದಿನಾನೂ ಬಿದ್ದಿರ್ಲಿಲ್ಲ. ಅವನತ್ರ ಹೋಗ್ಬೇಕು ಅಂದ್ರೆ ಅದನ್ನ ಕಡೀಬೇಕಿತ್ತು. ಅವನು ಮತ್ತೆ ಏನೋ ಅಂದ, ವಿಂಚ್ ಸದ್ದಿಗೆ ಕೇಳಿಸ್ಲಿಲ್ಲ. ಕೇಳಿಸ್ಕೊಳ್ಳೋಕೂ ಹೋಗ್ಲಿಲ್ಲ. ಬಲೆ ಎಳ್ಕೊಂಡ್ಮೇಲೆ ತಿರುಗಿ ನೋಡಿದ್ರೆ ಬೋಟೇ ಇಲ್ಲ. ಕೊಡಲಿ ಇದೆಯಲ್ಲ ಅಂದ್ಕೊಂಡೆ. ಕೊಡಲಿ ಇರೋನು ಸಾಯಲ್ಲ ಅಂದ್ಕೊಂಡೆ. ಇವತ್ತಿಗೂ ತಿಳಿಯಲ್ಲ ನನಗೆ, ಯಾಕೆ ಕಡೀಲಿಲ್ಲ ಅವನು?”

ಆಸ್ತಾ ಎದ್ದಳು. ಕೋಟು ಹಾಕಿಕೊಳ್ಳದೆ ಹಿಮದಲ್ಲಿ ಸೌದೆಮನೆಗೆ ಹೋದಳು. ಹಲಗೆ ಕೀಳುವ ಸದ್ದು ಅಡುಗೆಮನೆಗೆ ಕೇಳಿಸಿತು. ಬಂದವಳು ಹಾಯಿಬಟ್ಟೆ ಬಿಚ್ಚಿ, ಬಿಸ್ಕತ್ತಿನ ತಟ್ಟೆ ಸರಿಸಿ, ಅದನ್ನು ಮೇಜಿನ ಮೇಲೆ ಇಟ್ಟಳು. ಅಲಗಿಗೆ ತುಕ್ಕು ಹಿಡಿದಿತ್ತು. ಅಕ್ಷರಗಳು ಓದುವ ಹಾಗೇ ಇದ್ದವು. ಹಿಡಿಯ ಕೆಂಪು ಹೊಸದರಂತೆ ಇತ್ತು.

“ಇದಕ್ಕೇ ಕಡೀಲಿಲ್ಲ ಅವನು,” ಎಂದಳು. “ಸೌದೆ ಸೀಳೋಕೆ ನಾನು ತಂದಿದ್ದೆ.”

ರೂನೆ ಅದನ್ನು ನೋಡಿದ. ಮುಟ್ಟಲಿಲ್ಲ. ನೀನೇ ಕೊಂದೆ ಎಂದು ಅವನು ಹೇಳಬಹುದಿತ್ತು, ಅವಳೂ ಅದನ್ನೇ ಹೇಳಬಹುದಿತ್ತು. ಹತ್ತೊಂಬತ್ತು ವರ್ಷ ಒಬ್ಬರನ್ನೊಬ್ಬರು ಕಾಪಾಡುತ್ತಿದ್ದೇವೆಂದು ಇಬ್ಬರಿಗೂ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಕಾಪಾಡಲು ಏನೂ ಉಳಿಯಲಿಲ್ಲ. ಅವನು ಟೋಪಿ ತೆಗೆದುಕೊಂಡು ಎದ್ದ. ಎರಡನೇ ಬಟ್ಟಲು ಹಾಗೇ ತುಂಬಿತ್ತು.

ಲಿನ್ಯುಸ್ ಪೆನ್ನು ಹಿಡಿದು ಕೂತೇ ಇದ್ದ. ಆಸ್ತಾ ಅವನಿಗೆ, ಬರ್ಕೋ, ಕೊಡಲಿ ಮನೇಲಿತ್ತು ಅಂತ ಬರ್ಕೋ ಎಂದಳು. ಅವನು ಮುಜುಗರಪಟ್ಟುಕೊಂಡ. ಅದು ಮನೆಯ ವಿಚಾರ, ತನ್ನ ಪುಸ್ತಕ ಆ ನೌಕೆ ಯಾರದ್ದು ಎಂಬುದರ ಬಗ್ಗೆ ಎಂದ. ಎರಡು ವರ್ಷದ ಮೇಲೆ ಆ ಪುಸ್ತಕ ಬಂತು, ಬಹುಮಾನವೂ ಬಂತೆಂದು ಕೇಳಿದೆವು. ಕಪ್ಪು ಗೆರೆಯ ಬಗ್ಗೆ ನಲವತ್ತು ಪುಟ ಇದೆ. ಎವಾಲ್ಡ್‌ನ ಹೆಸರು ಒಂದು ಅಡಿಟಿಪ್ಪಣಿಯಲ್ಲಿದೆ, ಅದರಲ್ಲೂ ಒಂದಕ್ಷರ ತಪ್ಪು.

ಅಂದು ಸಂಜೆಯೇ ಆಸ್ತಾ ನಕ್ಷೆಯನ್ನು ಕೆಳಗಿಳಿಸಿದಳು. ಸೂಜಿಗಳನ್ನು ಡಬ್ಬಿಗೆ ಹಾಕಿ ಕಾಗದವನ್ನು ಒಲೆಗೆ ಹಾಕಿದಳು. ಮಾರನೆಯ ದಿನ ಅಂಗಡಿಯಲ್ಲಿ, ಉಪ್ಪು ಕೊಳ್ಳುತ್ತ, ಕೇಳದವರಿಗೂ ಕೇಳುವಂತೆ ತನ್ನ ಕೊಡಲಿಯ ವಿಷಯ, ರೂನೆಯ ರೇಡಿಯೋದ ವಿಷಯ ಎರಡನ್ನೂ ಹೇಳಿದಳು. ನಮಗೆಲ್ಲ ಗೊತ್ತಾದದ್ದು ಹಾಗೆ. ಯಾರೂ ನಗಲಿಲ್ಲ. ಆಮೇಲೆ ಯಾರೂ ಅವಳೊಡನೆ ಹೆಚ್ಚು ಮಾತಾಡಲೂ ಇಲ್ಲ. ಹುಚ್ಚಿ ಎಂದುಕೊಂಡಾಗ ಅವಳ ಮನೆಗೆ ಹೋಗಿ ಕೂತು ಬನ್ನು ತಿನ್ನುವುದು ಸುಲಭವಿತ್ತು.

ಅವಳು ಮತ್ತೆ ಏಳು ವರ್ಷ ಬದುಕಿದಳು. ಕೊಡಲಿಯ ತುಕ್ಕು ಉಜ್ಜಿ, ಹರಿತ ಮಾಡಿ, ಮನೆಯ ಸೌದೆಯನ್ನೆಲ್ಲ ಅದರಲ್ಲೇ ಸೀಳುತ್ತಿದ್ದಳು. ಚಳಿಗಾಲವಿರಲಿ ಬೇಸಿಗೆಯಿರಲಿ, ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಹಿತ್ತಿಲಿಗೆ ಬರುವಳು, ಹದಿನಾಲ್ಕು ನಿಮಿಷ ಕಡಿಯುವಳು. ಆಚೆ ಮನೆಯಲ್ಲಿ ರೂನೆ ಅಷ್ಟು ಹೊತ್ತೂ ಕಿಟಕಿ ಮುಚ್ಚದೆ ಕೇಳುತ್ತ ಕೂತಿರುತ್ತಿದ್ದ.